ಅಂಬಾಸಿಡರ್‌ಗೆ ಸೂಪರ್‌ಚಾರ್ಜರ್: ಕಾರ್ಬೊರೇಟರ್ ಬ್ಲೋವರ್‌ಗಿಂತ ಮೊದಲೋ, ಆಮೇಲೋ?

ಹಳೆ ಅಂಬಾಸಿಡರ್‌ಗೆ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಬ್ಲೋವರ್) ಕೂಡಿಸಿದ್ದೀನಿ ಅಂದರೆ ಕಲಬುರಗಿಯಲ್ಲಿ ಎಲ್ಲರೂ ಕೇಳೋದು ಒಂದೇ: "ಎಷ್ಟು ಸ್ಪೀಡ್ ಹೋಗ್ತದ್ರಿ?" ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಎಲ್ಲಿಟ್ಟಿರಿ ಅಂತ ಯಾರೂ ಕೇಳುವುದಿಲ್ಲ. ಗಾಡಿ ಹೇಗೆ ಓಡುತ್ತದೆ, ಬೇಸಿಗೆಯಲ್ಲಿ ಎಷ್ಟು ಕಾಡುತ್ತದೆ ಎಂಬುದೆಲ್ಲ ತೀರ್ಮಾನವಾಗುವುದು ಅಲ್ಲೇ. ಒಂದೇ ಗಾಡಿ, ಒಂದೇ ಬ್ಲೋವರ್, ಒಂದೇ ಕಾರ್ಬೊರೇಟರ್ ಇಟ್ಟುಕೊಂಡು ಎರಡೂ ರೀತಿ ಜೋಡಿಸಿ ಓಡಿಸಿದ್ದೇನೆ. ಬೀದರಿನ ಗೆಳೆಯನೊಬ್ಬ ಇದ್ಯಾವ ತಂಟೆಯೂ ಬೇಡವೆಂದು ಎಂಜಿನ್ನನ್ನೇ ಬದಲಿಸಿಕೊಂಡಿದ್ದಾನೆ. ಅದನ್ನೂ ಓಡಿಸಿದೆ.

ನನ್ನದು 1968ರ ಮಾರ್ಕ್ 2. ಒಳಗಿರುವುದು 1489 ಸಿಸಿಯ, ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್, ಶಕ್ತಿ 50 ಬಿಎಚ್‌ಪಿ ಆಸುಪಾಸು. ಕ್ರ್ಯಾಂಕ್‌ಶಾಫ್ಟ್‌ಗೆ ಮೂರೇ ಮೇನ್ ಬೇರಿಂಗ್, ಅಂದರೆ ಆಸರೆ ಕಡಿಮೆ. ಹೆಡ್‌ನಲ್ಲಿ ನಾಲ್ಕು ಸಿಲಿಂಡರ್‌ಗೆ ಎರಡೇ ಇನ್‌ಲೆಟ್ ಪೋರ್ಟ್ (ಮಿಶ್ರಣ ಒಳಹೋಗುವ ದಾರಿ): 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಇನ್ನೊಂದು. ಸಾಲದ್ದಕ್ಕೆ ಇನ್‌ಲೆಟ್, ಎಕ್ಸಾಸ್ಟ್ ಎರಡೂ ಒಂದೇ ಬದಿಗೆ. ಒಳ್ಳೆಯದೆಂದರೆ ಆ ಕಾಲದ ಕಂಪ್ರೆಷನ್ (ಸಿಲಿಂಡರಿನೊಳಗೆ ಮಿಶ್ರಣವನ್ನು ಒತ್ತುವ ಪ್ರಮಾಣ) ಕಡಿಮೆ, ಹಾಗಾಗಿ ಸ್ವಲ್ಪ ಬೂಸ್ಟ್, ಅಂದರೆ ಬ್ಲೋವರ್ ಕೂಡಿಸುವ ಹೆಚ್ಚುವರಿ ಒತ್ತಡ, ತಡೆದುಕೊಳ್ಳುತ್ತದೆ.

ಬ್ಲೋವರ್ ಈಟನ್ ಎಂ45, ರೂಟ್ಸ್ ಮಾದರಿಯದು. ರೂಟ್ಸ್ ಅಂದರೆ ಅಮೆರಿಕದ ಇಂಡಿಯಾನಾದ ಅಣ್ಣತಮ್ಮಂದಿರು. 1860ರಲ್ಲೇ ಪೇಟೆಂಟ್ ಪಡೆದವರು, ಅದೂ ಮೋಟಾರು ಕಾರು ಹುಟ್ಟುವ ಮೊದಲು. 2000ರ ದಶಕದ ಮಿನಿ ಕೂಪರ್ ಎಸ್‌ನಲ್ಲೂ ಎಂ45 ಇತ್ತು. ಆ ಗಾಡಿಯಿಂದ ಬಿಚ್ಚಿದ್ದಾದರೆ ಹಿಂಬದಿಗೆ ವಾಟರ್ ಪಂಪ್ ತಿರುಗಿಸುವ ಗೇರ್ ಇರುತ್ತದೆ, ಅದನ್ನು ಮುಚ್ಚಿಸಬೇಕು. ಗೇರ್‌ಗೆ ಅದರದೇ ಎಣ್ಣೆ ಇರುವುದರಿಂದ ಎಂಜಿನ್‌ನಿಂದ ಆಯಿಲ್ ಪೈಪ್ ಎಳೆಯುವ ಗೋಜಿಲ್ಲ.

ಅಳತೆ ಹೊಂದುತ್ತದೋ ಇಲ್ಲವೋ ಎಂಬುದು ಕಾಗದದ ಮೇಲೇ ಗೊತ್ತಾಗುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ 1489 ಸಿಸಿ ಎಳೆದುಕೊಳ್ಳುತ್ತದೆ, ಅಂದರೆ ಸುತ್ತಿಗೆ ಸುಮಾರು 745. ಹಳೆ ಹೆಡ್ ಪೂರ್ತಿ ತುಂಬುವುದಿಲ್ಲ, 600ರ ಹತ್ತಿರ ಹಿಡಿಯಿರಿ. ಎಂ45 ಸುತ್ತಿಗೆ 737 ಸಿಸಿ ತಳ್ಳುತ್ತದೆ. ಎರಡೂ ಸರಿಸಮ ತಿರುಗಿದರೂ ಗಾಳಿ ಮಿಕ್ಕುತ್ತದೆ. ಪುಲ್ಲಿಯ ಅನುಪಾತ 1.1ರ ಹತ್ತಿರ ಇಟ್ಟೆ (ಎಂಜಿನ್ ಒಂದು ಸುತ್ತಿಗೆ ಬ್ಲೋವರ್ 1.1 ಸುತ್ತು), ಗೇಜಿನಲ್ಲಿ 4ರಿಂದ 5 ಪಿಎಸ್‌ಐ ಬಂತು. ಇಷ್ಟರ ಮೇಲೆ ಹೋಗುವ ಆಸೆ ನನಗಿಲ್ಲ. ಪುಲ್ಲಿ ಮಾಡಿಕೊಟ್ಟ ಕಪನೂರಿನ ಲೇತ್ ಉಸ್ತಾದರಿಗಂತೂ ಇಷ್ಟೂ ಹೆಚ್ಚೆನಿಸಿತ್ತು: "ಮುದಿ ಎತ್ತಿಗಿ ಬಾರಕೋಲು ಹೊಡದ್ರ ಓಡ್ತದ್ರಿ ಸಾಹೇಬ್ರ. ಎಷ್ಟ್ ದಿನ ಅನ್ನೋದ್ ಹೇಳ್ರಿ."

ಮೊದಲು ಕೂಡಿಸಿದ್ದು ಬ್ಲೋವರ್ ಆದಮೇಲೆ ಕಾರ್ಬೊರೇಟರ್. ಅಂದರೆ ಒತ್ತಿದ ಗಾಳಿ ಕಾರ್ಬೊರೇಟರ್ ಮೂಲಕ ಎಂಜಿನ್ನಿಗೆ ನುಗ್ಗಬೇಕು. 1980ರ ದಶಕದ ಎಂಜಿ ಮೆಟ್ರೊ ಟರ್ಬೊ ಕಾರಿನಲ್ಲಿ ಇದೇ ಪದ್ಧತಿ, ಅದೂ ನನ್ನದರಂತೆ ಎಸ್‌ಯು ಕಂಪನಿಯ ಕಾರ್ಬೊರೇಟರೇ. ನಡುವೆ ಗಾಳಿ ತಂಪು ಮಾಡುವ ಇಂಟರ್‌ಕೂಲರ್ ಕೂಡಿಸಬಹುದು ಎಂಬುದು ಇದರ ದೊಡ್ಡ ಆಕರ್ಷಣೆ. ನಮ್ಮ ಮೇ ತಿಂಗಳಲ್ಲಿ 42 ಡಿಗ್ರಿಯ ಗಾಳಿಯನ್ನು ರೂಟ್ಸ್ ಬ್ಲೋವರ್ 4–5 ಪಿಎಸ್‌ಐಗೆ ಒತ್ತಿದರೆ ಅದು 80–90 ಡಿಗ್ರಿಯಾಗಿ ಹೊರಬರುತ್ತದೆ. ತಂಪು ಮಾಡಿ ಕಳಿಸಿದರೆ ಒಳ್ಳೆಯದು ಎಂಬುದಕ್ಕೆ ಎರಡನೇ ಮಾತಿಲ್ಲ.

ಆದರೆ ಪೆಟ್ರೋಲ್ ತಲುಪಬೇಕಲ್ಲ! ಮೂಲ ಮೆಕ್ಯಾನಿಕಲ್ ಪಂಪಿನ ಒತ್ತಡ 2–3 ಪಿಎಸ್‌ಐ. ಎಲ್ಲಿಯವರೆಗೆ ನಡೆಯುತ್ತದೆ ನೋಡೋಣವೆಂದು ಮೊದಲು ಅದನ್ನೇ ಉಳಿಸಿಕೊಂಡು ಸೇಡಂ ರಸ್ತೆಗೆ ತೆಗೆದುಕೊಂಡು ಹೋದೆ. ಮೂರನೇ ಗೇರಿನಲ್ಲಿ ಆಕ್ಸಿಲೇಟರ್ ಒತ್ತಿ ಹಿಡಿದರೆ ಗೇಜಿನ ಮುಳ್ಳು 3ರ ಹತ್ತಿರ ಬರುತ್ತಲೇ ಎಂಜಿನ್ ಜರ್ಕ್ ಹೊಡೆದು ಮಂಕಾಗುತ್ತಿತ್ತು. ಕಾಲು ಸಡಿಲಿಸಿದರೆ ಮತ್ತೆ ಜೀವ. ಫ್ಲೋಟ್ ಚೇಂಬರಿನ (ಕಾರ್ಬೊರೇಟರಿಗೆ ಪೆಟ್ರೋಲ್ ಕೂಡಿಡುವ ಬಟ್ಟಲು) ಒಳಗಿನ ಗಾಳಿಯೇ ಪಂಪಿಗೆ ಎದುರು ನಿಂತರೆ ಪೆಟ್ರೋಲ್ ಇಳಿಯುವುದು ಹೇಗೆ? ಆಮೇಲೆ ಎಲೆಕ್ಟ್ರಿಕ್ ಪಂಪ್, ಬೂಸ್ಟ್ ಜೊತೆ ತಾನೂ ಒತ್ತಡ ಏರಿಸುವ ರೆಗ್ಯುಲೇಟರ್, ಟ್ಯಾಂಕಿಗೆ ರಿಟರ್ನ್ ಪೈಪ್ ಹಾಕಿದ ಮೇಲೆ ಅದು ಸರಿಹೋಯಿತು. ಆ ರಿಟರ್ನ್ ಪೈಪಿನಿಂದ ಇನ್ನೊಂದು ಲಾಭವೂ ಸಿಕ್ಕಿತು. ಪೆಟ್ರೋಲ್ ತಿರುಗುತ್ತಲೇ ಇರುವುದರಿಂದ ಬಿಸಿ ಎಂಜಿನ್ ನಿಲ್ಲಿಸಿ ಮತ್ತೆ ಕೀಲಿ ತಿರುವಿದರೆ ಥಟ್ಟನೆ ಸ್ಟಾರ್ಟ್.

ಸರಿಹೋಗದೆ ಉಳಿದದ್ದು ಎರಡು. ಸಾದಾ ಎಸ್‌ಯು ಕಾರ್ಬೊರೇಟರಿನ ಥ್ರಾಟಲ್ ಸ್ಪಿಂಡಲ್ (ಗಾಳಿ ಬಿಡುವ ತಟ್ಟೆ ತಿರುಗುವ ಕಂಬಿ) ಸಂದಿಯಿಂದ ಬೂಸ್ಟ್‌ನಲ್ಲಿ ಪೆಟ್ರೋಲಿನ ಆವಿ ಹೊರಗೆ ತಳ್ಳಿಸಿಕೊಳ್ಳುತ್ತದೆ, ಕೆಳಗೇ ಕೆಂಪಗೆ ಕಾದ ಎಕ್ಸಾಸ್ಟ್ ಇದೆ. ಬಾನೆಟ್ ಎತ್ತಿದಾಗ ಮೂಗಿಗೆ ಬಡಿಯುವ ಆ ವಾಸನೆ ಸಾಕು, ನಿದ್ದೆ ಹಾರುತ್ತದೆ. ಎರಡನೆಯದು ಸ್ಪಾರ್ಕ್ ಪ್ಲಗ್. ಜೋರಾಗಿ ಓಡಿಸಿ, ಅಲ್ಲೇ ಆಫ್ ಮಾಡಿ, ನಾಲ್ಕೂ ಬಿಚ್ಚಿ ಸಾಲಾಗಿಟ್ಟರೆ 2 ಮತ್ತು 3 ಇಟ್ಟಿಗೆ ಬಣ್ಣ, 1 ಮತ್ತು 4 ಸುಣ್ಣದ ಬಿಳಿ. ಒಂದೇ ಪೋರ್ಟಿನ ಹಂಚಿಕೆಯಲ್ಲಿ ತುದಿಯ ಸಿಲಿಂಡರ್‌ಗಳಿಗೆ ಪೆಟ್ರೋಲ್ ಕಡಿಮೆ ಬೀಳುತ್ತಿತ್ತು. ಬೂಸ್ಟ್ ಇಲ್ಲದಾಗ ಇಂಥದ್ದನ್ನು ಎಂಜಿನ್ ಸಹಿಸಿಕೊಳ್ಳುತ್ತದೆ. ಬೂಸ್ಟ್ ಇದ್ದಾಗ ಪಿಸ್ಟನ್ ತೂತು ಬೀಳುವುದು ಅದೇ ಬಿಳಿ ಪ್ಲಗ್ಗಿನ ಕೆಳಗೆ. ಇಂಟರ್‌ಕೂಲರಿನ ಮೇಲಿದ್ದ ಪ್ರೀತಿಯೂ ಊರೊಳಗೆ ಇಳಿಯಿತು: ರೇಡಿಯೇಟರ್ ಎದುರು ಅದು ಅಡ್ಡ ನಿಂತು, ಸೂಪರ್ ಮಾರ್ಕೆಟ್ ಟ್ರಾಫಿಕ್ಕಿನಲ್ಲಿ ಟೆಂಪರೇಚರ್ ಮುಳ್ಳು ನಿಲ್ಲದೆ ಏರುತ್ತಿತ್ತು.

ಇನ್ನು ಕಾರ್ಬೊರೇಟರ್ ಮೊದಲು, ಬ್ಲೋವರ್ ಆಮೇಲೆ. 1962ರ ಶೆವ್ರೊಲೆ ಕಾರ್ವೇರ್ ಟರ್ಬೊ ಹೀಗೇ ಇತ್ತು, ಬ್ರಿಟಿಷ್ ಕಾರು ಎಂಜಿಬಿಗೆಂದು ಹೊರದೇಶದಲ್ಲಿ ಸಿಗುವ ಎಂ45 ಕಿಟ್ಟೂ ಹೀಗೇ. ಬ್ಲೋವರ್ ಕಾರ್ಬೊರೇಟರ್ ಮೂಲಕ ಎಳೆಯುತ್ತದೆ, ಕಾರ್ಬೊರೇಟರಿಗೆ ಬೂಸ್ಟ್ ಅನ್ನೋದೇ ಗೊತ್ತಾಗುವುದಿಲ್ಲ. ಮೂಲ ಪಂಪೇ ಸಾಕು, ರೆಗ್ಯುಲೇಟರ್ ಬೇಡ, ಸ್ಪಿಂಡಲ್ಲಿಗೆ ಸೀಲ್ ಬೇಡ. ಸ್ಪಿಂಡಲ್ ಸಂದಿಯಲ್ಲಿ ಏನಾದರೂ ಆದರೆ ಹೊರಗಿನ ಗಾಳಿ ಒಳಗೆ ಹೋಗಬಹುದು, ಪೆಟ್ರೋಲ್ ಹೊರಗೆ ಬರುವುದಿಲ್ಲ. ಬ್ಲೋವರಿನೊಳಗೆ ತಿರುಗುವ ರೋಟರ್‌ಗಳು ಮಿಶ್ರಣವನ್ನು ಚೆನ್ನಾಗಿ ಕಡೆದೇ ಕಳಿಸುತ್ತವೆ. ಅದೇ ರಸ್ತೆ, ಅದೇ ಓಟ, ನಾಲ್ಕೂ ಪ್ಲಗ್ ಹೆಚ್ಚುಕಡಿಮೆ ಒಂದೇ ಕಂದು. ನನ್ನ ಮಟ್ಟಿಗೆ ತೀರ್ಪು ಅಲ್ಲೇ ಆಯಿತು.

ಶಾಖದ ವಿಷಯದಲ್ಲಿ ಇದು ಸೋಲುತ್ತದೆ ಅಂದುಕೊಂಡಿದ್ದೆ, ಯಾಕೆಂದರೆ ಪೆಟ್ರೋಲ್ ಬೆರೆತ ಗಾಳಿಯನ್ನು ಇಂಟರ್‌ಕೂಲರಿಗೆ ಕಳಿಸುವುದು ಅಪಾಯ. ಆದರೆ ಬ್ಲೋವರಿನೊಳಗೆ ಪೆಟ್ರೋಲ್ ಆವಿಯಾಗುತ್ತಾ ತಾನೇ ಶಾಖ ಎಳೆದುಕೊಳ್ಳುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತದ್ದು. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಸುಮಾರು ಎರಡೂವರೆ ಪಟ್ಟು ಶಾಖ ಬೇಕು, ಆಕ್ಟೇನೂ (ನಾಕಿಂಗ್, ಅಂದರೆ ಮಿಶ್ರಣ ತಾನೇ ಸಿಡಿಯುವುದನ್ನು ತಡೆಯುವ ಗುಣ) ಹೆಚ್ಚು. ಹಳೆ ಗಾಡಿಯವರೆಲ್ಲ ಬೈಯುವ ಈ ಪೆಟ್ರೋಲ್ ಇಲ್ಲಿ ಉಪಕಾರ ಮಾಡುತ್ತದೆ. ಬೈಯಲು ಕಾರಣವೂ ಇದೆ ಅನ್ನಿ: ಹಳೆ ರಬ್ಬರ್ ಪೈಪು, ಕಾರ್ಕ್ ಗ್ಯಾಸ್ಕೆಟ್ ಎಲ್ಲ ಹಾಳಾಗುತ್ತವೆ, ಬದಲಿಸಲೇಬೇಕು. ಮಿಶ್ರಣವೂ ತೆಳುವಾಗುತ್ತದೆ, ಹಾಗಾಗಿ ಎಸ್‌ಯುಗೆ ಪೆಟ್ರೋಲ್ ಹೆಚ್ಚು ಬಿಡುವ (ರಿಚ್) ನೀಡಲ್ ಹಾಕಬೇಕು. ಪ್ಲಗ್ಗಿನ ಕಿಡಿ ಹಾರುವ ಟೈಮಿಂಗನ್ನು ಪಿಎಸ್‌ಐಗೆ ಒಂದು ಡಿಗ್ರಿಯಂತೆ ಹಿಂದಕ್ಕೆ ತಂದೆ. ಕಿವಿಗೆ ನಾಕಿಂಗ್ ಬೀಳುತ್ತಿಲ್ಲ.

ಇದಕ್ಕೂ ಕಾಟಗಳಿವೆ. ಬ್ಲೋವರ್ ತುಂಬ ಪೆಟ್ರೋಲ್ ಮಿಶ್ರಣ ಇರುವುದರಿಂದ ಒಂದು ಬ್ಯಾಕ್‌ಫೈರ್ (ಬೆಂಕಿ ಹಿಂದಕ್ಕೆ ನುಗ್ಗುವುದು) ಆದರೂ ದೊಡ್ಡ ಅನಾಹುತ. ಮ್ಯಾನಿಫೋಲ್ಡ್ (ಹೆಡ್‌ಗೆ ಮಿಶ್ರಣ ಒಯ್ಯುವ ಕೊಳವೆ) ಮೇಲೆ, ಒತ್ತಡ ಏರಿದರೆ ತಾನೇ ತೆರೆಯುವ, ಸ್ಪ್ರಿಂಗ್ ಇರುವ ಪಾಪ್-ಆಫ್ ವಾಲ್ವ್ ಹಾಕದೆ ಕೀಲಿ ತಿರುವಲೇಬಾರದು. ಬಿಸಿ ಸ್ಟಾರ್ಟಿನಲ್ಲಂತೂ ಸೋತೆ. ಹುಮನಾಬಾದಿನಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಫ್ಲೋಟ್ ಚೇಂಬರಿನ ಪೆಟ್ರೋಲ್ ಕುದ್ದು ಹೋಗಿರುತ್ತದೆ, ಆಕ್ಸಿಲೇಟರ್ ಪೂರ್ತಿ ಒತ್ತಿ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕು. ಎಕ್ಸಾಸ್ಟಿಗೂ ಕಾರ್ಬೊರೇಟರಿಗೂ ನಡುವೆ ಅಲ್ಯೂಮಿನಿಯಂ ತಗಡು ಹಾಕಿದ ಮೇಲೆ ಸ್ವಲ್ಪ ವಾಸಿ, ಪೂರ್ತಿ ಅಲ್ಲ.

ಓಡಿಸಲು ಹೇಗಿದೆ? ಕಲಬುರಗಿಯಿಂದ ಬೀದರಿಗೆ ಹೋಗುವಾಗ ರಸ್ತೆ ಒಟ್ಟಾರೆ ಇನ್ನೂರು ಮೀಟರಿಗೂ ಹೆಚ್ಚು ಏರುತ್ತದೆ. ಮೊದಲೆಲ್ಲ ನಾಲ್ಕು ಜನ ಕೂತರೆ ಏರಿನಲ್ಲಿ ಮೂರನೇ ಗೇರಿಗೆ ಇಳಿಸಿ, ಹಿಂದಿನ ಲಾರಿಯ ಹಾರ್ನ್ ಕೇಳುತ್ತಾ ಹೋಗಬೇಕಿತ್ತು. ಈಗ ಟಾಪ್ ಗೇರಿನಲ್ಲೇ, ಕಡಿಮೆ ಆರ್‌ಪಿಎಂನಲ್ಲೇ ಎಳೆಯುತ್ತದೆ. ಎಕ್ಸಾಸ್ಟ್ ಹೊಗೆಯಿಂದ ತಿರುಗುವ ಟರ್ಬೊದಂತೆ ಕಾಯಬೇಕಿಲ್ಲ, ಕಾಲಿಟ್ಟ ತಕ್ಷಣ ಬರುತ್ತದೆ. ಮೂರು ಬೇರಿಂಗಿನ ಕ್ರ್ಯಾಂಕಿಗೆ ಬೇಕಾದದ್ದೂ ಇದೇ: ಹೆಚ್ಚು ಸುತ್ತಿಸದೆ ಕೆಲಸ ತೆಗೆಯುವುದು. ಟಾಪ್ ಸ್ಪೀಡ್ ಪರೀಕ್ಷಿಸಿಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಗಾಡಿಯಲ್ಲಿ ಪರೀಕ್ಷಿಸುವವರಿಗೆ ನಮಸ್ಕಾರ.

ಬೀದರಿನ ಗೆಳೆಯನ ಗಾಡಿಯಲ್ಲಿರುವುದು 1817 ಸಿಸಿಯ ಇಸುಜು ಎಂಜಿನ್, 1990ರ ದಶಕದಲ್ಲಿ ಕಂಪನಿಯೇ ಅಂಬಾಸಿಡರ್‌ಗೆ ಹಾಕಿದ್ದು, ಜೊತೆಗೆ ಐದು ಗೇರಿನ ಬಾಕ್ಸ್. ನೇರವಾಗಿ ಹೇಳುತ್ತೇನೆ, ಗಾಡಿಯಾಗಿ ಅದೇ ಮೇಲು. ನಯವಾಗಿದೆ, ಬಿಸಿಯಾದರೂ ಒಂದೇ ಸೆಲ್ಫಿಗೆ ಸ್ಟಾರ್ಟ್, ಹೆದ್ದಾರಿಯಲ್ಲಿ ಐದನೇ ಗೇರಿಗೆ ಹಾಕಿದರೆ ಸದ್ದೇ ಇಲ್ಲ. ಬೆಳಿಗ್ಗೆ ಎದ್ದು ಹೈದರಾಬಾದಿಗೆ ಹೋಗಬೇಕೆಂದರೆ ನಾನೂ ಅವನ ಕೀಲಿಯನ್ನೇ ಕೇಳುತ್ತೇನೆ. ನಾನದನ್ನು ಮಾಡಿಸದಿರುವುದು ಬಾನೆಟ್ ಎತ್ತಿದಾಗ ನನ್ನ ಎಂಜಿನ್ ಅಲ್ಲೇ ಇರಬೇಕೆಂಬ ಹಟಕ್ಕೆ, ಬೇರೆ ಕಾರಣವಿಲ್ಲ.

ಕಾಗದಪತ್ರದ ಮಾತೂ ಇದೆ. ಆರ್‌ಸಿಯಲ್ಲಿರುವ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವಂಥ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಎಂಜಿನ್ ಬದಲಿಸಿದರೆ ಆರ್‌ಟಿಒ ಒಪ್ಪಿಗೆ ಬೇಕು. 2021ರಲ್ಲಿ ಬಂದ ವಿಂಟೇಜ್ ನಿಯಮ, ಅಂದರೆ 50 ವರ್ಷ ದಾಟಿದ ಗಾಡಿಗೆ 'ವಿಎ' ಅಕ್ಷರದ ನಂಬರ್, ಕೇಳುವುದು ಮೂಲ ರೂಪವನ್ನೇ. ಷಾಸಿ, ಬಾಡಿ, ಎಂಜಿನ್ ಬದಲಾದ ಗಾಡಿಗೆ ಅದು ಸಿಗುವುದಿಲ್ಲ. ಆ ನಂಬರಿನ ಆಸೆ ಇರುವವರು ಬ್ಲೋವರನ್ನೂ ಮುಟ್ಟದಿರುವುದು ಲೇಸು. ಮುಟ್ಟಿದರೂ ಹೆಡ್ ಕೊರೆಯಬೇಡಿ, ಬಾಡಿ ಕತ್ತರಿಸಬೇಡಿ. ನನ್ನ ಹಳೆ ಮ್ಯಾನಿಫೋಲ್ಡ್, ಪುಲ್ಲಿ, ಕಾರ್ಬೊರೇಟರ್ ಮೂರಕ್ಕೂ ಗ್ರೀಸ್ ಹಚ್ಚಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಬೇಕೆಂದಾಗ ಎಲ್ಲ ಬಿಚ್ಚಿ ಹಳೆಯದನ್ನೇ ಕೂಡಿಸಬಹುದು. ಸದ್ಯಕ್ಕೆ ಮುಂದಿನ ಕೆಲಸ ಬೇರೆ: ನಂತರದ ಅಂಬಾಸಿಡರ್‌ಗಳಿಗೆ ಬಂದ ಮುಂದಿನ ಡಿಸ್ಕ್ ಬ್ರೇಕ್ ಸೆಟ್ ಹುಡುಕುತ್ತಿದ್ದೇನೆ. ಅದು ಸಿಗುವವರೆಗೆ ಪುಲ್ಲಿ 1.1ರಲ್ಲೇ ಇರುತ್ತದೆ.