ಆಲಮಟ್ಟಿ ಹಿನ್ನೀರಿನ ದೋಣಿಗೆ ಐಎಸ್ 710 ಪ್ಲೈವುಡ್: ಹಲಗೆ ಗಟ್ಟಿ, ಅಂಚು ಮಾತ್ರ ನಿಮ್ಮ ಹೊಣೆ

ಬಾಗಲಕೋಟೆಯಲ್ಲಾಗಲಿ ವಿಜಯಪುರದಲ್ಲಾಗಲಿ ಪ್ಲೈವುಡ್ ಅಂಗಡಿಗೆ ಹೋಗಿ ‘ನೀರು ತಡೆಯುವ ಹಲಗೆ ಬೇಕು’ ಎಂದಷ್ಟೇ ಕೇಳಿದರೆ ಅಡುಗೆಮನೆಯ ಕಪಾಟಿಗೆ ಹಾಕುವ ಹಲಗೆ ಕೈಗೆ ಬರುತ್ತದೆ. ಅದು ಐಎಸ್ (ಭಾರತೀಯ ಮಾನಕ) 303 ಗುರುತಿನ ಬಿಡಬ್ಲ್ಯುಆರ್, ಅಂದರೆ ಕುದಿನೀರು ತಾಳುವ ದರ್ಜೆಯ ಹಲಗೆ. ಅದರ ಅಂಟು ಪರೀಕ್ಷೆಯಲ್ಲಿ ಎಂಟು ತಾಸು ಕುದಿನೀರಿನಲ್ಲಿ ಬಾಳಿದರೆ ಪಾಸು. ಐಎಸ್ 710 ಮರೀನ್ ಹಲಗೆ 72 ತಾಸು ಬಾಳಬೇಕು, ಜೊತೆಗೆ ಕಟ್ಟಿಗೆಗೆ ಹುಳ ಮತ್ತು ಕೊಳೆ ತಡೆಯುವ ಔಷಧಿ ಕುಡಿಸಿರಬೇಕು. ಹನ್ನೆರಡು ಅಡಿಯ, ಇಬ್ಬರು ಮೂವರು ಕೂರುವ, ತಳ ಚಪ್ಪಟೆಯ ದೋಣಿಯನ್ನು ಮನೆಯಂಗಳದಲ್ಲೇ ಕಟ್ಟುವವರು ಈ ಎರಡನೆಯದನ್ನೇ ಕೊಳ್ಳಬೇಕು. ಬಿಡಬ್ಲ್ಯುಆರ್‌ನಲ್ಲಿ ಉಳಿಸಿದ ದುಡ್ಡು ಎರಡನೆಯ ಮಳೆಗಾಲಕ್ಕೆ ಪದರ ಬಿಚ್ಚಿಕೊಂಡು ಹೋಗಬಹುದು.

ಮೊದಲು ಇಲ್ಲಿಯ ನೀರಿನ ಗುಣ ತಿಳಿದಿರಲಿ. ಸಮುದ್ರದ ಮರಕೊರಕ ಹುಳ ಕೃಷ್ಣೆಯಲ್ಲಿಲ್ಲ, ಉಪ್ಪೂ ಇಲ್ಲ. ಆದರೆ ಉಪ್ಪು ಒಂದು ಉಪಕಾರ ಮಾಡುತ್ತದೆ, ಕಟ್ಟಿಗೆ ತಿನ್ನುವ ಬೂಷ್ಟನ್ನು ತಡೆಯುತ್ತದೆ. ಸಿಹಿನೀರಿಗೆ ಆ ಗುಣವಿಲ್ಲ. ದೋಣಿಯೊಳಗೆ ನಿಂತ ಮಳೆನೀರು ಹೊಳೆಯ ನೀರಿಗಿಂತ ಬೇಗ ಹಲಗೆ ಕೊಳೆಸುತ್ತದೆ. ಎರಡನೆಯದು ತಳದ ತಿಕ್ಕಾಟ. ಆಲಮಟ್ಟಿ ಜಲಾಶಯ 519.60 ಮೀಟರಿಗೆ ತುಂಬಿದಾಗ ಹಳೆ ಬಾಗಲಕೋಟೆಯ ಕಡೆಯ ಹಿನ್ನೀರು ಸಮುದ್ರದಂತೆ ಕಾಣುತ್ತದೆ; ಬೇಸಿಗೆಗೆ ನೀರು ಇಳಿದಂತೆ ಜಾಲಿಯ ಬೊಡ್ಡೆ, ಹೊಲದ ಒಡ್ಡು, ಮುಳುಗಿದ ಗೋಡೆಯ ಕಲ್ಲು ಮೇಲೇಳುತ್ತವೆ. ದೋಣಿಯನ್ನು ಎರೆಮಣ್ಣಿನ ಮೇಲೆ ಎಳೆದೇ ನೀರಿಗಿಳಿಸಬೇಕು. ಮೂರನೆಯದು 40 ಡಿಗ್ರಿ ದಾಟುವ ಬಿಸಿಲು. ವಸ್ತು ಆರಿಸುವಾಗ ಈ ಮೂರೂ ಕಣ್ಣ ಮುಂದಿರಲಿ.

ಮುದ್ರೆ ಇದ್ದ ಮಾತ್ರಕ್ಕೆ ನಂಬಬೇಡಿ. ಐಎಸ್ಐ ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾರದು, ಯಾವ ಮಾನಕಕ್ಕೆ ಕೊಟ್ಟದ್ದು ಎಂದು ತೋರಿಸುತ್ತದೆ. ಆಮೇಲೆ ಹಲಗೆಯ ನಾಲ್ಕೂ ಅಂಚು ನೋಡಿ. ಒಳಪದರಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು ಕಂಡರೆ ಬೇರೆ ಹಲಗೆ ಕೇಳಿ. ಮುದ್ರೆ ಇದ್ದ ಹಲಗೆಯಲ್ಲೂ ಈ ದೋಷ ಸಿಗುತ್ತದೆ. ಕಪಾಟಿಗೆ ಅದು ನಡೆದೀತು. ದೋಣಿಗೆ ಬಾಗಿಸುವಾಗ ಅಲ್ಲೇ ಸೀಳುತ್ತದೆ, ಬೊಡ್ಡೆ ಬಡಿದರೆ ಅಲ್ಲೇ ತೂತು ಬೀಳುತ್ತದೆ. ನಾಣ್ಯದಿಂದ ಹಲಗೆಯುದ್ದಕ್ಕೂ ತಟ್ಟುತ್ತ ಹೋಗಿ, ಟೊಳ್ಳು ಸದ್ದು ಬಂದಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕಿ. ಕೆಂಪು ಮೈ ನೋಡಿ ಮರುಳಾಗಬೇಡಿ, ಅದು ಬಳಿದ ಬಣ್ಣವಾಗಿರಬಹುದು. ನೀರು ತಾಳುವ ಫೀನಾಲ್ ಅಂಟಿನ ಗೆರೆ ಅಂಚಿನಲ್ಲಿ ಕಂದುಗಪ್ಪಾಗಿ ಕಾಣಬೇಕು. ಆರು ಎಂಎಂ ಹಲಗೆಯಲ್ಲಿ ಮೂರು ಪದರಕ್ಕಿಂತ ಐದು ಪದರ ಇರುವುದೇ ಒಳ್ಳೆಯದು. ಒಂದು ಹಲಗೆ ತಂದು, ನಾಲ್ಕು ಬೆರಳಗಲದ ತುಂಡುಗಳನ್ನು ಒಂದು ಹಗಲು ಪೂರ್ತಿ ಕುದಿಸಿ, ಆರಿದ ಮೇಲೆ ಉಳಿಯಿಂದ ಪದರ ಎಬ್ಬಿಸಲು ನೋಡಿ. ಇದು 72 ತಾಸಿನ ಪರೀಕ್ಷೆಗೆ ಸಮವಲ್ಲ. ಆದರೂ ನಕಲಿ ಮಾಲು ಇಷ್ಟರಲ್ಲೇ ಬಾಯಿ ಬಿಡುತ್ತದೆ.

ಎಷ್ಟು ಬೇಕು? ಎಂಟಡಿ-ನಾಲ್ಕಡಿ ಅಳತೆಯ ಒಂಬತ್ತು ಎಂಎಂ ಹಲಗೆ ಎರಡು ತಳಕ್ಕೆ, ಆರು ಎಂಎಂ ಹಲಗೆ ಎರಡು ಪಕ್ಕಕ್ಕೂ ಕೂರುವ ಅಡ್ಡಪಟ್ಟಿಗೂ. ಹಿಂಬದಿಯ ಅಡ್ಡಹಲಗೆಗೆ ಎರಡು ಒಂಬತ್ತು ಎಂಎಂ ತುಂಡು ಅಂಟಿಸಿ ಹದಿನೆಂಟು ಮಾಡಿಕೊಳ್ಳಿ. ಪೂರ್ತಿ ಆರು ಎಂಎಂನಲ್ಲೂ ಕಟ್ಟಬಹುದು, ಹೊರಲು ಹಗುರ. ಆದರೆ ಈ ಬೊಡ್ಡೆಗಳ ನಡುವೆ ತಳಕ್ಕೆ ಒಂಬತ್ತೇ ಸರಿ. ಎಂಟಡಿ ಹಲಗೆಯನ್ನು ಹನ್ನೆರಡಡಿಗೆ ಉದ್ದ ಮಾಡಲು ಓರೆ ಜೋಡಣೆ ಬೇಕು, ಅಂದರೆ ಎರಡೂ ತುದಿಗಳನ್ನು ಇಳಿಜಾರಾಗಿ ಸವರಿ ಒಂದರ ಮೇಲೊಂದು ಅಂಟಿಸಬೇಕು. ಓರೆಯ ಉದ್ದ ದಪ್ಪದ ಎಂಟು ಪಟ್ಟು ಇರಲಿ: ಆರು ಎಂಎಂಗೆ 48, ಒಂಬತ್ತಕ್ಕೆ 72 ಎಂಎಂ. ಹಲಗೆಗಳನ್ನು ಮೆಟ್ಟಿಲಂತೆ ಒಂದರ ಮೇಲೊಂದು ಸರಿಸಿಟ್ಟು ಒಟ್ಟಿಗೆ ಉಜ್ಜುಗೊರಡು ಹೊಡೆದರೆ ಎಲ್ಲಕ್ಕೂ ಒಂದೇ ಓರೆ ಬರುತ್ತದೆ.

ಹಲಗೆಯ ಮೇಲೆ ಗಾಜಿನ ಬಟ್ಟೆ (ಫೈಬರ್) ಹೊದಿಸಿ ರಾಳದಿಂದ, ಅಂದರೆ ಕಲಸಿದ ಮೇಲೆ ಗಟ್ಟಿಯಾಗುವ ಅಂಟುದ್ರವದಿಂದ ಕೂರಿಸಬೇಕು. ಹೆಚ್ಚಿನ ದೋಣಿಗಳು ಕೆಡುವುದು ಈ ರಾಳದ ಆಯ್ಕೆಯಲ್ಲಿ. ನೀರಿನ ಟಾಕಿಗೆ ಬಳಸುವ ಪಾಲಿಯೆಸ್ಟರ್ ರಾಳ ಅಗ್ಗ, ಬೇಗ ಸಿಗುತ್ತದೆ. ಅದು ಅಚ್ಚಿನಲ್ಲಿ ಎರಕ ಹೊಯ್ದ ಪೂರ್ತಿ ಫೈಬರ್ ದೋಣಿಗೆ ಒಳ್ಳೆಯದು. ಕಟ್ಟಿಗೆಗೆ ಮಾತ್ರ ಬೇಡ. ಗಟ್ಟಿಯಾಗುವಾಗ ಹೆಚ್ಚು ಕುಗ್ಗುತ್ತದೆ, ಕಟ್ಟಿಗೆಗೆ ಹಿಡಿತ ಕಡಿಮೆ. ಹಲಗೆ ಬಿಸಿಲಿಗೆ ಹಿಗ್ಗಿ ಕುಗ್ಗಿದ ಹಾಗೆ ಫೈಬರ್ ಪದರ ಹಪ್ಪಳದಂತೆ ಏಳುತ್ತದೆ, ಆ ಸಂದಿಗೆ ಹೊಕ್ಕ ನೀರು ಹೊರಗೆ ಬರುವುದಿಲ್ಲ. ಪಾಲಿಯೆಸ್ಟರನ್ನೇ ಬಳಸುವವರಿಗೆ ಒಂದು ಎಚ್ಚರಿಕೆ: ಕೋಬಾಲ್ಟ್ ವೇಗವರ್ಧಕವನ್ನೂ ರಾಳ ಗಟ್ಟಿಯಾಗಿಸುವ ಎಂಇಕೆಪಿ ದ್ರವವನ್ನೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು, ಸ್ಫೋಟಿಸುತ್ತದೆ. ಮೊದಲೊಂದನ್ನು ರಾಳಕ್ಕೆ ಹಾಕಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು. ತೇಲಲೆಂದು ಥರ್ಮೊಕೋಲ್ ಇಟ್ಟು ಅದರ ಮೇಲೆ ಪಾಲಿಯೆಸ್ಟರ್ ಬಳಿದರೆ ಥರ್ಮೊಕೋಲ್ ಕರಗಿಹೋಗುತ್ತದೆ.

ಪ್ಲೈವುಡ್ಡಿಗೆ ಎಪಾಕ್ಸಿಯೇ ಬೇಕು. ನಮ್ಮಲ್ಲಿ ಸುಲಭವಾಗಿ ಸಿಗುವುದು ಅರಾಲ್ಡೈಟ್ ಎಲ್‌ವೈ 556 ರಾಳ ಮತ್ತು ಎಚ್‌ವೈ 951 ಹಾರ್ಡ್‌ನರ್: ನೂರು ಗ್ರಾಂಗೆ ಹತ್ತು ಗ್ರಾಂ. ಇದು ತೂಕದ ಅಳತೆ, ಲೋಟದ ಅಳತೆ ಅಲ್ಲ. ಒಂದು ಗ್ರಾಂ ತೋರಿಸುವ ತಕ್ಕಡಿ ಇಲ್ಲದೆ ಕೆಲಸಕ್ಕೆ ಕೈ ಹಾಕಬೇಡಿ. ಬೇಗ ಒಣಗಲೆಂದು ಹಾರ್ಡ್‌ನರ್ ಹೆಚ್ಚಿಸಿದರೆ ಬೇಗ ಒಣಗುವುದಿಲ್ಲ, ಕೊನೆಗೂ ಮೆತ್ತಗೇ ಉಳಿಯುತ್ತದೆ. ಹತ್ತು ಡಿಗ್ರಿ ಶಾಖ ಏರಿದರೆ ಬಳಕೆಯ ಸಮಯ ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತದೆ, ಏಪ್ರಿಲ್‌ನಲ್ಲಿ ಡಬ್ಬಿಯಲ್ಲೇ ಹೊಗೆಯೆದ್ದು ಕಲ್ಲಾಗುತ್ತದೆ. ಆದ್ದರಿಂದ ಡಿಸೆಂಬರ್-ಜನವರಿಯಲ್ಲಿ ಕೆಲಸ ಹಿಡಿಯಿರಿ, ಒಂದು ಸಲಕ್ಕೆ 200 ಗ್ರಾಂ ದಾಟಬೇಡಿ, ಕಲಸಿದ್ದನ್ನು ಅಗಲ ತಟ್ಟೆಗೆ ಸುರಿಯಿರಿ. ಮೊದಲ ಕೋಟ್ ಸಂಜೆ ಬಳಿಯಿರಿ. ಬೆಳಿಗ್ಗೆ ಬಳಿದರೆ ಹಲಗೆ ಕಾಯುತ್ತ ಒಳಗಿನ ಗಾಳಿ ಹಿಗ್ಗಿ ಗುಳ್ಳೆ ಎಬ್ಬಿಸುತ್ತದೆ. ಸಂಜೆ ತಣಿಯುವ ಹಲಗೆ ರಾಳವನ್ನು ಒಳಗೆಳೆದುಕೊಳ್ಳುತ್ತದೆ.

ಗಾಜಿನ ಬಟ್ಟೆ ಕೊಳ್ಳುವಾಗಲೂ ತಪ್ಪು ಆಗುತ್ತದೆ. ಅಂಗಡಿಯಲ್ಲಿ ಮುಂದಿಡುವ 450 ಗ್ರಾಂ ಚಾಪ್ಡ್ ಮ್ಯಾಟ್‌ನ (ಗಾಜಿನೆಳೆಯ ತುಂಡುಗಳನ್ನು ಅಂಟಿಸಿದ ಚಾಪೆಯ) ಅಂಟು ಪಾಲಿಯೆಸ್ಟರ್ ರಾಳದಲ್ಲಿರುವ ಸ್ಟೈರೀನ್ ದ್ರವದಲ್ಲಿ ಕರಗುವಂಥದ್ದು. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಹಾಗಾಗಿ ಮ್ಯಾಟ್ ಬಿಳಿಯಾಗಿ ಸೆಟೆದೇ ಉಳಿಯುತ್ತದೆ. ಚದರ ಮೀಟರಿಗೆ 200 ಗ್ರಾಂ ತೂಗುವ ನೇಯ್ದ ಬಟ್ಟೆ ಕೇಳಿ: ಪಕ್ಕಕ್ಕೆ ಒಂದು ಪದರ, ತಳಕ್ಕೂ ಮೂಲೆಗಳಿಗೂ ಎರಡು. ಎಲ್ಲ ಸೇರಿ ಹದಿಮೂರು-ಹದಿನಾಲ್ಕು ಚದರ ಮೀಟರ್ ಬಟ್ಟೆ, ಒಳಗಿನ ಕೋಟ್ ಮತ್ತು ಮೂಲೆಗೆ ಮೆತ್ತುವ ಲಪ್ಪವೂ (ಪುಟ್ಟಿ) ಸೇರಿ ಸುಮಾರು ಹತ್ತು ಕೆಜಿ ರಾಳ ಹಿಡಿಯುತ್ತದೆ. ಲಪ್ಪಕ್ಕೆ ಸಾ ಮಿಲ್ಲಿನ ಹುಡಿಯನ್ನು ಜರಡಿ ಹಿಡಿದು ಎಪಾಕ್ಸಿಗೆ ಬೆರೆಸಿ, ಶೇಂಗಾ ಚಟ್ನಿಯ ಹದಕ್ಕೆ ತನ್ನಿ.

ಎಲ್ಲಕ್ಕಿಂತ ಹೆಚ್ಚಿನ ತಾಳ್ಮೆ ಬೇಕಾದದ್ದು ಅಂಚಿಗೆ. ಪ್ಲೈವುಡ್ ಮೈಯಿಂದ ಕುಡಿಯುವ ನೀರಿಗಿಂತ ಅಂಚಿನಿಂದ ಕುಡಿಯುವ ನೀರು ಎಷ್ಟೋ ಹೆಚ್ಚು. ಕೊಯ್ದ ಪ್ರತಿ ಅಂಚಿಗೆ, ಕೊರೆದ ಪ್ರತಿ ತೂತಿನ ಒಳಗೋಡೆಗೆ ಮೂರು ಸಲ ಎಪಾಕ್ಸಿ ಕುಡಿಸಿ, ಕುಡಿಯುವುದು ನಿಲ್ಲುವವರೆಗೆ ಬಿಡಬೇಡಿ. ಹುಟ್ಟಿನ ಕೊಂಡಿಗೆ ಆಮೇಲೆ ಹೊಡೆದ ಒಂದೇ ಸ್ಕ್ರೂ ತೂತು ಹಲಗೆ ಕೊಳೆಸಲು ಸಾಕು. ಸ್ಕ್ರೂಗಳು 304 ಸ್ಟೇನ್‌ಲೆಸ್ ಇರಲಿ. ಪಿಓಪಿಗೆ ಹೊಡೆಯುವ ಕಪ್ಪು ಸ್ಕ್ರೂ ಬೇಡವೇ ಬೇಡ.

ಬೇರೆ ವಸ್ತುಗಳೂ ಇವೆ. ಎರಡು ಎಂಎಂ ಉಕ್ಕಿನ ತಗಡು ಚದರ ಮೀಟರಿಗೆ 15.7 ಕೆಜಿ, ಮನೆಯಲ್ಲಿ ಕಟ್ಟುವ ಸಣ್ಣ ದೋಣಿಗೆ ಅತಿ ಭಾರ. ಅದೇ ದಪ್ಪದ ಅಲ್ಯೂಮಿನಿಯಂ 5.4 ಕೆಜಿ, ಕಲ್ಲಿಗೆ ಬಡಿದರೂ ತಗ್ಗಾಗಿ ಉಳಿಯುತ್ತದೆ. ಬಾಳಿಕೆಯಲ್ಲಿ ಪ್ಲೈವುಡ್ಡಿಗಿಂತ ಮೇಲು. ಆದರೆ ಬೇಕಾದದ್ದು 5052 ಅಥವಾ 5083 ಮಿಶ್ರಲೋಹ, ಪಾತ್ರೆಯ ಮೆತ್ತನೆ ತಗಡಲ್ಲ. ಟಿಗ್ ವೆಲ್ಡಿಂಗ್ ಕೈ ಪಳಗಿದವರನ್ನು ಬೆಳಗಾವಿಯ ಉದ್ಯಮಬಾಗದ ಕಡೆ ಹುಡುಕಬೇಕು. (ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯಲ್ಲಿ ತಯಾರಾಗುವುದು ಅಲ್ಯೂಮಿನಾ ಪುಡಿ, ತಗಡು ಅಲ್ಲೇ ಸಿಗುತ್ತದೆಂದು ಹೋಗಬೇಡಿ.) ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆಗೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ, ವೆಲ್ಡ್ ಮಾಡಲೇಬೇಕು. ಬಿದಿರಿನ ಹರಗೋಲಿಗೆ ಡಾಂಬರು ಬಳಿದ ಹೊದಿಕೆ ಇಂದಿಗೂ ದುರಸ್ತಿಗೆ ಎಲ್ಲಕ್ಕಿಂತ ಸುಲಭ, ಆ ಗೌರವ ಅದಕ್ಕೆ ಸಲ್ಲಲೇಬೇಕು.

ಎಪಾಕ್ಸಿ ಬಿಸಿಲಿಗೆ ಹಳದಿಯಾಗಿ ಪುಡಿಯೇಳುತ್ತದೆ, ಬಣ್ಣವಿಲ್ಲದೆ ಬಿಡುವಂತಿಲ್ಲ. ಗಟ್ಟಿಯಾದ ಮೇಲೆ ಮೈಮೇಲೆ ಕೂರುವ ಮೇಣದಂಥ ಜಿಡ್ಡನ್ನು ಮೊದಲು ನೀರು ಮತ್ತು ಸ್ಕ್ರಬ್ಬರಿನಿಂದ ತೊಳೆದು, ಆಮೇಲೆ ಮರಳುಕಾಗದ ಉಜ್ಜಿ, ತಿಳಿ ಬಣ್ಣದ ಪಿಯು (ಪಾಲಿಯುರೆಥೇನ್) ಪೇಂಟ್ ಎರಡು ಕೋಟ್ ಹೊಡೆಯಿರಿ. ಕಪ್ಪು, ಕಡುನೀಲಿ ಬೇಡ, ಹಲಗೆ ಕಾಯುತ್ತದೆ. ತಳದುದ್ದಕ್ಕೂ ಸವೆಯಲೆಂದೇ ಎರಡು ಸಾಗವಾನಿ ಪಟ್ಟಿ ಕೂರಿಸಿ. ಸಾಗವಾನಿಯಲ್ಲಿ ಎಣ್ಣೆಯಂಶ ಇರುವುದರಿಂದ ಅಂಟಿಸುವ ಮುಂಚೆ ಅಸಿಟೋನ್‌ನಿಂದ ಒರೆಸಬೇಕು. ದಡದಲ್ಲಿ ದೋಣಿ ಬೋರಲಾಗಿಯೇ ಇರಲಿ, ಕೆಳಗೆ ಎರಡು ಕಲ್ಲು ಕೊಟ್ಟು ಗಾಳಿಯಾಡಲಿ. ಗೀರಿನಲ್ಲಿ ಕಟ್ಟಿಗೆ ಕಂಡ ದಿನ ನೀರಿಗಿಳಿಸಬೇಡಿ: ವಾರವಿಡೀ ನೆರಳಲ್ಲಿ ಒಣಗಿಸಿ, ಸುತ್ತ ಎರಡಂಗುಲ ಉಜ್ಜಿ, ಬಟ್ಟೆಯ ತೇಪೆ ಹಾಕಿದ ಮೇಲೆಯೇ ಹೊಳೆ.