ಪುಣೆಯ ಮನೆಗೆ ಲಿಥಿಯಂ ಇನ್ವರ್ಟರ್ ಬ್ಯಾಟರಿ: ಬಳಸಿದ ಮೇಲಿನ ಮಾತು

ಕೋಥರೂಡಿನ ನಮ್ಮ ಮನೆಯಲ್ಲಿದ್ದ 150 ಆಂಪಿಯರ್-ಅವರ್, 12 ವೋಲ್ಟಿನ ಟ್ಯೂಬ್ಯುಲರ್ (ಸೀಸ-ಆಮ್ಲದ) ಬ್ಯಾಟರಿಯನ್ನು ತೆಗೆದು, ಬುಧವಾರ ಪೇಠೆಯ ತಪಕೀರ ಗಲ್ಲಿಯ ಅಂಗಡಿಯೊಂದರಿಂದ 12.8 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ತಂದು ಕೂರಿಸಿದ್ದೇವೆ. ಬೆಲೆ ಹೆಚ್ಚುಕಡಿಮೆ ಎರಡು ಪಟ್ಟು. ಲೆಕ್ಕದ ಪ್ರಕಾರ ಹಳೆಯದರಲ್ಲಿ 1.8 ಯೂನಿಟ್, ಹೊಸದರಲ್ಲಿ 1.28 ಯೂನಿಟ್ ವಿದ್ಯುತ್ ಹಿಡಿಯುತ್ತದೆ; ಆದರೆ ಸೀಸದ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಕುಗ್ಗುವುದರಿಂದ, ನಿಜವಾಗಿ ಕೈಗೆ ಸಿಗುವ ವಿದ್ಯುತ್ತು ಹೊಸದರಲ್ಲೇ ಹೆಚ್ಚು. ಡಿಸ್ಟಿಲ್ಡ್ ನೀರು ಹಾಕುವ ಕೆಲಸವೂ ಇಲ್ಲ, ಒಬ್ಬರೇ ಎತ್ತಿ ಇಡಬಹುದು.

ತೊಡಕಿರುವುದು ಒಳಗೆ ಎಷ್ಟು ಉಳಿದಿದೆ ಎಂದು ತಿಳಿಯುವುದರಲ್ಲಿ. ನಮ್ಮ ಇನ್ವರ್ಟರಿನ ನಾಲ್ಕು ದೀಪಗಳು ಬಹಳ ಹೊತ್ತು ಉರಿಯುತ್ತಲೇ ಇದ್ದು, ಕೊನೆಗೆ ಎರಡು ಒಟ್ಟಿಗೇ ಆರಿ, ಸ್ವಲ್ಪದರಲ್ಲೇ ಫ್ಯಾನ್ ಕೂಡ ನಿಲ್ಲುತ್ತದೆ. ಈ ದೀಪಗಳು ವೋಲ್ಟೇಜನ್ನು ನೋಡಿ ಅಂದಾಜು ಮಾಡುತ್ತವೆ. ಈ ಜಾತಿಯ ಸೆಲ್ಲಾದರೋ ಮುಕ್ಕಾಲು ಭಾಗದಿಂದ ಕಾಲು ಭಾಗಕ್ಕೆ ಇಳಿಯುವಾಗಲೂ 3.3 ವೋಲ್ಟಿನ ಆಸುಪಾಸಿನಲ್ಲೇ ನಿಂತಿರುತ್ತದೆ. ಹಾಗಾಗಿ ಒಳಗಿನ ಬಿಎಂಎಸ್ (ಬ್ಯಾಟರಿಯ ಮೇಲೆ ಕಣ್ಣಿಡುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಹೋದ ಕರೆಂಟು, ಬಂದ ಕರೆಂಟುಗಳನ್ನು ಕೂಡಿಸಿ ಕಳೆದು ಲೆಕ್ಕವಿಡಬೇಕಾಗುತ್ತದೆ, ಆ ಲೆಕ್ಕದಲ್ಲಿ ತಪ್ಪು ಸೇರುತ್ತಾ ಹೋಗುತ್ತದೆ, ಪೂರ್ತಿ ಚಾರ್ಜ್ ಆದಾಗ ಮಾತ್ರ ಸರಿಹೋಗುತ್ತದೆ. ಇದೇ ಸೆಲ್ಲುಗಳಿರುವ ಕಾರುಗಳನ್ನು ಆಗಾಗ ಶೇಕಡಾ 100ಕ್ಕೆ ಚಾರ್ಜ್ ಮಾಡಿ ಎಂದು ಹೇಳುವುದಕ್ಕೂ ಇದೇ ಕಾರಣ. ನಮ್ಮದರಲ್ಲಿ ಸಾಲಾಗಿರುವುದು ನಾಲ್ಕೇ ಸೆಲ್ಲು. ಸೌರವಿದ್ಯುತ್ತನ್ನು ಸಂಜೆಗೆಂದು ಕೂಡಿಡುವ ಗ್ರಿಡ್ ಬ್ಯಾಟರಿಗಳಲ್ಲಿ ಸಾವಿರಾರು ಸೆಲ್ಲುಗಳಿದ್ದು, ಒಂದು ಸಾಲಿನಲ್ಲಿ ಅತಿ ದುರ್ಬಲವಾದದ್ದು ಬರಿದಾದೊಡನೆ ಇಡೀ ಸಾಲೇ ನಿಲ್ಲಬೇಕಾಗುತ್ತದೆ. ಪಾವಗಡದಂತಹ 2,050 ಮೆಗಾವ್ಯಾಟ್ ಸೌರಪಾರ್ಕಿನ ವಿದ್ಯುತ್ತನ್ನು ಹೀಗೆ ಕೂಡಿಡುವುದೆಂದರೆ ಸಣ್ಣ ಮಾತಲ್ಲ.

ವಾರಂಟಿ ಕಾರ್ಡಿನ ಬಗ್ಗೆ ನನಗೆ ತಕರಾರಿದೆ. ದೊಡ್ಡ ಅಕ್ಷರದಲ್ಲಿ ಸಾವಿರಾರು ಸೈಕಲ್ (ಒಮ್ಮೆ ತುಂಬಿಸಿ ಬರಿದು ಮಾಡಿದರೆ ಒಂದು ಸೈಕಲ್) ಎಂದಿದ್ದರೆ, ಕೆಳಗೆ ಸಣ್ಣ ಅಕ್ಷರದಲ್ಲಿ 25 ಡಿಗ್ರಿ ಉಷ್ಣಾಂಶದಲ್ಲಿ ಎಂದಿದೆ. ಏಪ್ರಿಲ್‌ನಲ್ಲಿ ಪುಣೆಯ ಗ್ಯಾಲರಿ 25 ಡಿಗ್ರಿಯಲ್ಲಿ ಇರುತ್ತದೆಯೇ? ಶಾಖ ಹೆಚ್ಚಿದಷ್ಟೂ ಸೆಲ್ಲು ಬೇಗ ಮುಪ್ಪಾಗುತ್ತದೆ. ಬೆಂಕಿಯ ಭಯ ಈ ಜಾತಿಯಲ್ಲಿ ನಿಕ್ಕಲ್ ಇರುವ ಲಿಥಿಯಂ ಸೆಲ್ಲುಗಳಿಗಿಂತ ಕಡಿಮೆ ಎಂಬುದು ನಿಜ. ಆದರೆ 2022ರಲ್ಲಿ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಬಿಗಿಗೊಳಿಸಿದ ಎಐಎಸ್ 156 ಎಂಬ ಬ್ಯಾಟರಿ ಸುರಕ್ಷತಾ ನಿಯಮ, ನಮ್ಮೂರಿನ ವೇತಾಳ ಗುಡ್ಡದ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ಪ್ರಕಟಿಸುವಂಥದ್ದು, ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ, ಮನೆಯ ಬ್ಯಾಟರಿಗಲ್ಲ.

ದಿನಾ ಗಂಟೆಗಟ್ಟಲೆ ಕರೆಂಟ್ ಹೋಗುವ ಕಡೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲ. ಇಲ್ಲಿನ ವಿದ್ಯುತ್ ಕಂಪನಿ ಮಹಾವಿತರಣ ಗುರುವಾರ ದುರಸ್ತಿಗೆಂದು ಕರೆಂಟ್ ತೆಗೆಯುವಾಗಷ್ಟೇ ಬೇಕೆನ್ನುವವರಿಗೆ ಟ್ಯೂಬ್ಯುಲರ್ ಸಾಕು.

ಕೂರಿಸಲು ಬಂದಿದ್ದ ಜತ್ತ ಕಡೆಯ ಹುಡುಗ ಹಳೆಯದನ್ನು ಹೊತ್ತೊಯ್ಯುವಾಗ, “ಸರ, ಸೀಸದ್ದಾದ್ರ ತೂಕಕ್ಕ ರೊಕ್ಕ ಬರ್ತದ. ಇದು ಹಾಳಾದ್ರ ಯಾರೂ ಕೇಳೂದಿಲ್ಲ” ಎಂದ. ಕೋಬಾಲ್ಟ್, ನಿಕ್ಕಲ್ ಇಲ್ಲದ ಈ ಸೆಲ್ಲಿನಿಂದ ಗುಜರಿಯವರಿಗೆ ಹುಟ್ಟುವ ಲಾಭ ಅಷ್ಟಕ್ಕಷ್ಟೇ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಮರಳಿ ಪಡೆಯುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆಯಾದರೂ ನಮ್ಮ ಬಿಲ್ಲಿನಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲ; ಕೊಳ್ಳುವವರು ಹಣ ಕೊಡುವ ಮೊದಲೇ ಅದನ್ನು ಬರೆಸಿಕೊಳ್ಳುವುದು ಒಳಿತು.