ಕೆಂಪು ಮಣ್ಣಿನ ಮೈದಾನಕ್ಕೆ ಕೈಹೊಲಿಗೆಯ ಚೆಂಡೇ ಸರಿ

ಲೇಲೆ ಮೈದಾನವಿರಲಿ, ಕ್ಯಾಂಪಿನ ಬಯಲಿರಲಿ, ಬೆಳಗಾವಿಯ ಕೆಂಪು ಮಣ್ಣಿನಲ್ಲಿ ದಿನಾ ಸಂಜೆ ಫುಟ್‌ಬಾಲ್ ಆಡುವವರು 32 ಪ್ಯಾನೆಲ್‌ನ (ಹೊರಮೈಯ ತುಂಡುಗಳ), ಬ್ಯುಟೈಲ್ ರಬ್ಬರಿನ ಬ್ಲಾಡರ್ (ಗಾಳಿ ತುಂಬುವ ಒಳಚೀಲ) ಇರುವ ಕೈಹೊಲಿಗೆಯ ಚೆಂಡು ಕೊಳ್ಳಲಿ. ವಿಶ್ವಕಪ್ ಚೆಂಡಿನ ಹಾಗೆ ಶಾಖ ಕೊಟ್ಟು ಅಂಟಿಸಿದ್ದು ಹುಲ್ಲಿನ ಮೇಲೆ ಬಲು ಚೆಂದ. ಗರಸಿನ ಮೇಲೆ ಎರಡನ್ನೂ ಆಡಿಸಿ ನೋಡಿದ ಮೇಲೆ ನನಗೆ ಅನುಮಾನ ಉಳಿದಿಲ್ಲ.

ಅಂಟಿಸಿದ್ದು ಗೆಲ್ಲುವುದು ಮಳೆಗಾಲದಲ್ಲಿ. 2006ರಲ್ಲಿ ಆಡಿಸಿದ ಟೀಮ್‌ಗೈಸ್ಟ್ ಎಂಬ ಚೆಂಡಿನಿಂದ ವಿಶ್ವಕಪ್ ಚೆಂಡಿಗೆ ಹೊಲಿಗೆ ಹೋಗಿ ಅಂಟು ಬಂತು. ಸೂಜಿ ತೂತಿಲ್ಲ, ಹಾಗಾಗಿ ನೀರು ಒಳಗಿಳಿಯುವುದು ಕಡಿಮೆ. ಜುಲೈ ಮಳೆಯಲ್ಲಿ ಕೈಹೊಲಿಗೆಯದು ನೀರು ಕುಡಿದು ಭಾರವಾಗುತ್ತದೆ, ಹೆಡ್ ಮಾಡಿದರೆ ಹಣೆ ಚುರುಗುಟ್ಟುತ್ತದೆ.

ಪ್ಯಾನೆಲ್ ಕಡಿಮೆಯಾದಷ್ಟೂ ಚೆಂಡು ಚಲೋ ಎನ್ನುವುದನ್ನು ಮಾತ್ರ ನಂಬಬೇಡಿ. 2010ರ ವಿಶ್ವಕಪ್ ಚೆಂಡು ಜಬುಲಾನಿಗೆ 8 ಪ್ಯಾನೆಲ್, ಜೋಡಣೆಯ ಗೆರೆ ಗಿಡ್ಡ. ಸುತ್ತದೆ ಹೋಗುವಾಗ ಅದು ಗಾಳಿಯಲ್ಲಿ ಅತ್ತಿತ್ತ ಹೊಯ್ದಾಡಿ ಗೋಲ್‌ಕೀಪರ್‌ಗಳನ್ನು ಗೋಳಾಡಿಸಿತು. 2014ರ ಬ್ರಜೂಕಾಗೆ 6 ಪ್ಯಾನೆಲ್ಲೇ ಇದ್ದರೂ ಗೆರೆ ಉದ್ದ, ಆಳ. ಅದು ನೆಟ್ಟಗೆ ಹೋಯಿತು. 32 ಪ್ಯಾನೆಲ್‌ನದರಲ್ಲಿ ಗೆರೆಗೇನೂ ಬರವಿಲ್ಲ.

ಅಂಟಿಸಿದ ಚೆಂಡಿನ ಮೇಲೆ ನನ್ನ ತಕರಾರು ಇರುವುದು ಅಂಚಿನ ಬಗ್ಗೆ. ಗರಸಿನ ಹರಳು ಪ್ಯಾನೆಲ್‌ಗಳು ಕೂಡುವ ಮೂಲೆಯನ್ನೇ ಮೊದಲು ಕೆರೆಯುತ್ತದೆ. ಅಲ್ಲಿ ಪಿಯು (ಪಾಲಿಯುರೆಥೇನ್) ಹೊರಪದರ ಉಗುರಿನಷ್ಟು ಏಳುತ್ತದೆ, ಆ ಸಂದಿಗೆ ಕೆಂಪು ಧೂಳು ಸೇರುತ್ತದೆ. ಧೂಳು ಕೂತಲ್ಲಿ ಯಾವ ಅಂಟೂ ಹಿಡಿಯದು. ಸೂಪರ್ ಗ್ಲೂ ಹಾಕಿದರೆ ಒಣಗಿ ಗಡುಸಾಗಿ, ನಾಲ್ಕು ಒದೆತಕ್ಕೆ ಬಿರಿದು, ಪಕ್ಕದ ಪಿಯುವನ್ನೂ ಕಿತ್ತುಕೊಂಡು ಬರುತ್ತದೆ. ಚಪ್ಪಲಿ ಅಂಟಿಸುವ ರಬ್ಬರ್ ಸೊಲ್ಯೂಷನ್ ಬಾಗುವುದರಿಂದ ವಾಸಿ: ಸಂದಿಯನ್ನು ಒಣ ಬ್ರಷ್‌ನಿಂದ ತಿಕ್ಕಿ, ಎರಡೂ ಬದಿಗೆ ತೆಳ್ಳಗೆ ಸವರಿ, 10 ನಿಮಿಷ ಆರಲು ಬಿಟ್ಟು ಒತ್ತಬೇಕು. ಏಪ್ರಿಲ್ ಬಿಸಿಲಿನಲ್ಲಿ ಚೆಂಡು ಕಾರಿನ ಡಿಕ್ಕಿಯಲ್ಲಿ ಉಳಿದರೆ ಅದೂ ಬಿಟ್ಟುಕೊಳ್ಳುತ್ತದೆ. ಹೊಲಿಯೋಣವೆಂದರೆ ಸೂಜಿ ಹಿಡಿಯಲು ಒಳಗೆ ಮಡಿಚಿದ ಅಂಚೇ ಇಲ್ಲ.

ಕೈಹೊಲಿಗೆಯದಕ್ಕೆ ಈ ಗೋಳಿಲ್ಲ. ಹೊಲಿಗೆ ಬಿಚ್ಚಿದರೆ ಗಾಳಿ ಪೂರ್ತಿ ತೆಗೆದು ಬ್ಲಾಡರನ್ನು ಬೆರಳಿನಿಂದ ಒಳಕ್ಕೆ ತಳ್ಳಿ. ಮೇಣ ಹಚ್ಚಿದ ಪಾಲಿಯೆಸ್ಟರ್ ದಾರದ ಎರಡೂ ತುದಿಗೆ ಸೂಜಿ ಪೋಣಿಸಿ, ಹಳೆಯ ತೂತಿನಲ್ಲೇ ಎದುರುಬದುರು ಹಾಯಿಸಿ ಬಿಗಿಯಿರಿ. ಹೊಸ ತೂತು ಚುಚ್ಚಿದರೆ ಅಂಚು ಹರಿಯುತ್ತದೆ. ಬಿಚ್ಚದೆ ಉಳಿದ ಹೊಲಿಗೆಯ ಮೇಲೂ ಎರಡೂ ಕಡೆ ಒಂದೆರಡು ಸಲ ಹಾಯಿಸಿ, ಗಂಟನ್ನು ಒಳಗೆ ಅಡಗಿಸಿ. ಮೋಚಿಯವರಿಗೆ ಕೊಟ್ಟರೂ ಬ್ಲಾಡರ್ ಚುಚ್ಚದಂತೆ ಹೇಳಿ ಕೊಡಿ.

ಲೇಟೆಕ್ಸ್ ಬ್ಲಾಡರ್ ಪುಟಿಯುವುದು ಚಲೋ, ಆದರೆ ಬೇಗ ಗಾಳಿ ಬಿಡುತ್ತದೆ. ದಿನಾ ಪಂಪ್ ಹಿಡಿಯುವ ತಾಳ್ಮೆ ನನಗಿಲ್ಲ. ಅಚ್ಚಿನ ರಬ್ಬರ್ ಚೆಂಡು ಸಣ್ಣ ಮಕ್ಕಳಿಗೆ ಸಾಕು.

ನಿಯಮದಲ್ಲಿ ಒತ್ತಡ 8.5ರಿಂದ 15.6 ಪಿಎಸ್‌ಐ, ಗಟ್ಟಿ ನೆಲಕ್ಕೆ 9 ಸಾಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ, ಕಣ್ಣು ಮಿಟುಕಿಸುವಷ್ಟರಲ್ಲಿ ಗಾಳಿ ಮಿತಿಮೀರಿ ಹೊಲಿಗೆ ಸಡಿಲುತ್ತದೆ. ಪಂಪಿನ ಸೂಜಿಗೆ ಒಂದು ಹನಿ ಗ್ಲಿಸರಿನ್ ಹಚ್ಚಿ. ಒಣ ಸೂಜಿ ವಾಲ್ವನ್ನೇ ಒಳಗೆ ನೂಕುತ್ತದೆ.

ಒಳ್ಳೆಯ ಅಂಟಿಸಿದ ಚೆಂಡೊಂದರ ದುಡ್ಡಿಗೆ ಕೈಹೊಲಿಗೆಯವು ಎರಡಾದರೂ ಬರುತ್ತವೆ. ಮೊದಲು ಅವನ್ನು ಕೊಳ್ಳಿ. ತಂಡದ ವಂತಿಗೆ ಮಿಕ್ಕರೆ ಅಂಟಿಸಿದ್ದೊಂದನ್ನು ತಂದು ಮಳೆಗಾಲದ ಪಂದ್ಯಕ್ಕೆ ಎತ್ತಿಡಿ.